ಒಂಬತ್ತು ಹೆಸರಿನ ಬೋರ್ಡು: ಅಜ್ಜರಕಾಡಿನಲ್ಲಿ ಎರಡು ಗಂಟೆ

2025ರ ಫೆಬ್ರವರಿ 23, ಭಾನುವಾರ. ಬೆಳಿಗ್ಗೆ ಎಂಟೂವರೆಗೆ ಉಡುಪಿಯ ಅಜ್ಜರಕಾಡು ಹುತಾತ್ಮ ಸ್ಮಾರಕದ ಎದುರು ನಾವು ಇಪ್ಪತ್ತೆಂಟು ಜನ ಚಾಪೆ ಹಾಸಿ ಕೂತೆವು. ಮೈಕ್ ಇಲ್ಲ, ಘೋಷಣೆ ಇಲ್ಲ, ಭಾಷಣವೂ ಇಲ್ಲ. ಮಧ್ಯದಲ್ಲಿ ಒಂದು ಬೋರ್ಡು, ಅದರಲ್ಲಿ ಒಂಬತ್ತು ಹೆಸರು. ಹತ್ತೂವರೆಗೆ ಎದ್ದು, ಚಾಪೆ ಸುತ್ತಿ, ನೆಲದ ಮೇಲಿದ್ದ ಕಾಗದದ ಕಪ್ಪುಗಳನ್ನು ಹೆಕ್ಕಿ ಹೊರಟೆವು.

ಆ ಎರಡು ಗಂಟೆಗೆ ಮೂರು ವಾರದ ತಯಾರಿ ಇತ್ತು. ಅದರ ಹಿಂದೆ, ಜಲ್ಲಿ ಕ್ರಷರಿನ ಟಿಪ್ಪರು ತಡೆದು ರಸ್ತೆಯಲ್ಲಿ ಕೂತದ್ದಕ್ಕೆ ನಮ್ಮೂರಿನ ಒಂಬತ್ತು ಜನರ ಮೇಲೆ ನಡೆದ ಏಳು ವರ್ಷದ ಕೋರ್ಟು ಇತ್ತು. ಕೋರ್ಟು ತಪ್ಪಿತಸ್ಥರೆಂದು ಹೇಳಿದವರ ಪರ ನಿಲ್ಲುವುದು ಹೇಗೆ, ಏನು ಬರೆಯಬಹುದು, ಏನು ಬರೆಯಬಾರದು, ಎಲ್ಲಿ ಕೂರಬೇಕು ಎಂದು ಕೇಳಿದರೆ ಹೇಳಿಕೊಡುವವರು ನಮಗೆ ಸಿಗಲಿಲ್ಲ. ಮುಂದೆ ಇನ್ನೊಂದು ಊರಿಗೆ ಇದೇ ಪರಿಸ್ಥಿತಿ ಬಂದರೆ ಉಪಯೋಗವಾಗಲಿ ಎಂದು ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ. ಅರ್ಜಿ, ಮನವಿ, ಪತ್ರಿಕಾ ಹೇಳಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು, ಹಾಗಾಗಿ ಕಾಗದಗಳೆಲ್ಲ ನನ್ನ ಹತ್ತಿರವೇ ಇವೆ. ಮೇಲ್ಮನವಿ ಇನ್ನೂ ನಡೆಯುತ್ತಿರುವುದರಿಂದ ಊರಿನ ಹೆಸರು, ಜನರ ಹೆಸರು, ಕ್ರಷರಿನ ಹೆಸರು ಬೇಕೆಂದೇ ಬಿಟ್ಟಿದ್ದೇನೆ.

ರಸ್ತೆಯಲ್ಲಿ ಕೂತ ಸಂಜೆ

ನಮ್ಮದು ಉಡುಪಿಯಿಂದ ಒಳಗೆ, ಗುಡ್ಡದ ಬುಡದ ಊರು. ಗುಡ್ಡದ ಆಚೆ ಬದಿಗೆ ಕಪ್ಪುಕಲ್ಲಿನ ಕೋರೆ, ಅದಕ್ಕೆ ತಾಗಿಕೊಂಡೇ ಜಲ್ಲಿ ಕ್ರಷರ್. ಪರವಾನಗಿ ಇತ್ತು. ಕ್ರಷರುಗಳಿಗೆಂದೇ ಕರ್ನಾಟಕದಲ್ಲಿ 2011ರ ಕಾಯ್ದೆ ಉಂಟು. ಸುರಕ್ಷಿತ ವಲಯ ಗುರುತಿಸಿಯೇ ಲೈಸನ್ಸ್ ಕೊಡಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು. ಕಾಗದದಲ್ಲಿ ಎಲ್ಲವೂ ಸರಿ ಇತ್ತು. ಸರಿ ಇಲ್ಲದ್ದು ಕಾಗದದ ಹೊರಗೆ. ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಮದ್ದು, ಗೋಡೆಯಲ್ಲಿ ಬಿರುಕು, ಮಾರ್ಚಿಗೇ ತಳ ಕಾಣುವ ಬಾವಿ, ಪಂಚಾಯತಿನ ಕಿರಿದಾದ ರಸ್ತೆಯಲ್ಲಿ ಶಾಲೆ ಬಿಡುವ ಹೊತ್ತಿಗೇ ಸಾಲಾಗಿ ಬರುವ ಟಿಪ್ಪರು. ಮತ್ತೆ ಧೂಳು.

ಧೂಳಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಎಷ್ಟೋ ಮನೆಗಳ ದಿನದ ಖರ್ಚು ನಡೆಯುವುದು ಅಂಗಳದ ಬದಿಯ ಮಲ್ಲಿಗೆಯಿಂದ. ಭೌಗೋಳಿಕ ಸೂಚಿಕೆ ಸಿಕ್ಕಿದ ಉಡುಪಿ ಮಲ್ಲಿಗೆ ಅದೇ. ಊರವರ ಬಾಯಲ್ಲಿ ಶಂಕರಪುರ ಮಲ್ಲಿಗೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಪ್ರತಿದಿನ ಶಂಕರಪುರದಲ್ಲಿ ನಿಗದಿಯಾಗುತ್ತದೆ. ಒಂಬತ್ತು ಜನರಲ್ಲಿ ಒಬ್ಬರು ಈ ಮಲ್ಲಿಗೆ ಬೆಳೆಯುವ ಅಕ್ಕ. ಅವರು ಕೋರ್ಟಿನ ಕಟಕಟೆಯಲ್ಲಿ ಹೇಳಿದ್ದೂ, ನನ್ನ ಹತ್ತಿರ ನೂರು ಸಲ ಹೇಳಿದ್ದೂ ಒಂದೇ ಮಾತು: "ಮೊಗ್ಗಿನ ಮೇಲೆ ಬೂದು ಪುಡಿ ಕೂತಿರುತ್ತದೆ. ಒರೆಸಲಿಕ್ಕೆ ಆಗುವುದಿಲ್ಲ. ತೊಳೆದ ಮೊಗ್ಗಿಗೆ ಆ ಬಿಳುಪು ಬರುವುದಿಲ್ಲ. ಹೂ ತೆಗೆದುಕೊಳ್ಳುವವನು ಒಂದು ಸಲ ನೋಡಿ ರೇಟು ಇಳಿಸುತ್ತಾನೆ."

ಗ್ರಾಮಸಭೆಯಲ್ಲಿ ಠರಾವು ಆಗಿತ್ತು. ಸಂಬಂಧಪಟ್ಟ ಕಚೇರಿಗಳಿಗೆ ಅರ್ಜಿ ಹೋಗಿತ್ತು, ಸ್ವೀಕೃತಿಯ ಮುದ್ರೆಯೂ ಬಿದ್ದಿತ್ತು. 2017ರ ಡಿಸೆಂಬರಿನಲ್ಲಿ ಸೈಕಲಿನಲ್ಲಿ ಬರುತ್ತಿದ್ದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಟಿಪ್ಪರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ಆ ಸಂಜೆ ಮೂವತ್ತಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಕೂತರು. ನಾಲ್ಕು ಟಿಪ್ಪರು ಎರಡು ಗಂಟೆ ನಿಂತವು. ಕಲ್ಲು ಎಸೆದವರಿಲ್ಲ, ಗಾಜು ಒಡೆದವರಿಲ್ಲ. ಪೊಲೀಸರು ಬಂದು ಮಾತಾಡಿದ ಮೇಲೆ ಎದ್ದೂ ಹೋದರು. ಕೆಲವು ದಿನದಲ್ಲಿ ಶಾಲೆಯ ಹೊತ್ತಿಗೆ ಲಾರಿ ಓಡಿಸಬಾರದೆಂಬ ಷರತ್ತು ಬಂತು. ಅದು ಇವತ್ತಿಗೂ ಒಂದು ಮಟ್ಟಿಗೆ ಪಾಲನೆಯಲ್ಲಿದೆ. ಆದರೆ ಕೂತ ದಿನವೇ ರಾತ್ರಿ ಒಂಬತ್ತು ಜನರ ಮೇಲೆ ಕೇಸು ದಾಖಲಾಯಿತು. ದೂರು ಕೊಟ್ಟವನು ಒಬ್ಬ ಟಿಪ್ಪರ್ ಚಾಲಕ.

ಹಾಕಿದ್ದು ಭಾರತೀಯ ದಂಡ ಸಂಹಿತೆಯ ನಾಲ್ಕು ಕಲಮು. 143 ಅಕ್ರಮ ಕೂಟ, 147 ದೊಂಬಿ, 341 ಅಕ್ರಮ ತಡೆ, 283 ಸಾರ್ವಜನಿಕ ದಾರಿಗೆ ಅಡ್ಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಘಟನೆ ಅದಕ್ಕಿಂತ ಹಿಂದಿನದ್ದಾದ್ದರಿಂದ ಹಳೆಯ ಕಲಮುಗಳಲ್ಲೇ ತೀರ್ಪಾಯಿತು.

ತಾರೀಕು

ಕೋರ್ಟು ಹತ್ತಿದವರಿಗೆ ಗೊತ್ತು, ನಮ್ಮಲ್ಲಿ ಶಿಕ್ಷೆ ತೀರ್ಪಿನ ದಿನ ಶುರುವಾಗುವುದಲ್ಲ. ತಾರೀಕು ಶುರುವಾದ ದಿನವೇ ಶುರುವಾಗಿರುತ್ತದೆ. ಬೆಳಗ್ಗಿನ ಬಸ್ಸು ಹಿಡಿಯಬೇಕು, ಹನ್ನೊಂದರೊಳಗೆ ಹಾಜರಿ ಹೇಳಬೇಕು, ಸಾಕ್ಷಿ ಬಂದಿಲ್ಲವೆಂದು ಇನ್ನೊಂದು ತಾರೀಕು ತೆಗೆದುಕೊಂಡು ಸಂಜೆ ಮನೆ ಸೇರಬೇಕು. ಕೂಲಿಗೆ ಹೋಗುವವರಿಗೆ ಆ ದಿನದ ಸಂಬಳ ಹೋಯಿತು. ಒಂದು ಸಲ ತಪ್ಪಿಸಿದರೆ ವಾರಂಟು. ಹೀಗೆ ಏಳು ವರ್ಷ. ಮಲ್ಲಿಗೆಯ ಅಕ್ಕ ಪ್ರತಿ ತಾರೀಕನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾರೆ, ಹಳೆಯ ಕ್ಯಾಲೆಂಡರುಗಳನ್ನು ಎಸೆದಿಲ್ಲ. ನಾವಿಬ್ಬರೂ ಕೂತು ಎಣಿಸಿದೆವು. ನಲವತ್ತಮೂರು ಸುತ್ತು.

ಒಂಬತ್ತು ಜನರಲ್ಲಿ ಒಬ್ಬರು 2021ರಲ್ಲಿ ತೀರಿಕೊಂಡರು. ಊರಿನ ಹಿರಿಯರು ಅವರು; ಆರೋಪಿಯಾಗಿಯೇ ಸತ್ತರು.

ಇನ್ನೊಬ್ಬ ಹುಡುಗ, ಆಗ ಇಪ್ಪತ್ತನಾಲ್ಕು ವರ್ಷ. ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು, ಪಾಸ್‌ಪೋರ್ಟ್ ಆಗಬೇಕಿತ್ತು. ಇಲ್ಲಿ ಕಾನೂನಿನ ಒಂದು ವಿಷಯ ಎಲ್ಲರೂ ತಿಳಿದಿರಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಕ್ರಿಮಿನಲ್ ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಹೋಗಲೇಬೇಕಾದರೆ ಕೇಸು ನಡೆಯುತ್ತಿರುವ ಕೋರ್ಟಿನಿಂದಲೇ ಅನುಮತಿ ತರಬೇಕು. ಶಿಕ್ಷೆಯಾದವನಿಗಾದರೋ, ಅಪರಾಧ ನೈತಿಕ ಅಧಃಪತನದ್ದಾಗಿರಬೇಕು, ಶಿಕ್ಷೆ ಎರಡು ವರ್ಷಕ್ಕೆ ಕಡಿಮೆ ಇರಬಾರದು, ಆಗ ಮಾತ್ರ ಐದು ವರ್ಷದ ತಡೆ. ಅಂದರೆ ನಮ್ಮಂಥ ಸಣ್ಣ ಕೇಸಿನಲ್ಲಿ ತೀರ್ಪಿಗಿಂತ ಬಾಕಿ ಇರುವುದೇ ದೊಡ್ಡ ಬೇಡಿ. ಅನುಮತಿಗೆ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಕೆಲಸ ಬೇರೆಯವರಿಗೆ ಹೋಗುತ್ತಿತ್ತು. ಅವನು 2019ರಲ್ಲಿ ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ವಿಮಾನ ಹತ್ತಿದ. ಊರಿನಲ್ಲಿ ಕೆಲವರು ಅವನ ತಾಯಿಯೊಡನೆ ಮಾತು ಬಿಟ್ಟರು. "ನಿಮ್ಮ ಮಗ ತಪ್ಪು ಅಂತ ಒಪ್ಪಿಕೊಂಡದ್ದರಿಂದ ನಾವೆಲ್ಲ ಕಳ್ಳರಾದೆವು" ಎಂದು ಬಸ್ಸಿನಲ್ಲೇ ಒಬ್ಬರು ಹೇಳಿದ್ದನ್ನು ನಾನು ಕೇಳಿದ್ದೇನೆ. ಆಗ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು.

2025ರ ಜನವರಿಯಲ್ಲಿ ತೀರ್ಪು ಬಂತು. ದೊಂಬಿಯ ಆರೋಪ ಬಿದ್ದುಹೋಯಿತು. ಉಳಿದ ಮೂರರಲ್ಲಿ ಏಳೂ ಜನ ಅಪರಾಧಿಗಳು. ತಲಾ 1,700 ರೂಪಾಯಿ ದಂಡ, ಕಟ್ಟದಿದ್ದರೆ ಸಾದಾ ಸಜೆ. "ಇಷ್ಟೇ ಅಲ್ವಾ ಮಾರಾಯ್ರೆ, ಕಟ್ಟಿ ಮುಗಿಸಿ" ಎಂದವರೇ ಹೆಚ್ಚು. ಅವರ ಮಾತಿನಲ್ಲಿ ದಣಿವಿತ್ತು, ಅದನ್ನು ತಪ್ಪೆನ್ನಲಾರೆ. ಆದರೆ ಏಳರಲ್ಲಿ ಐದು ಜನ ಮೇಲ್ಮನವಿ ಬೇಕೆಂದರು, ಉಳಿದಿಬ್ಬರೂ ಜೊತೆಯಾದರು. ಮೂವತ್ತು ದಿನದ ಗಡುವಿನೊಳಗೆ ಸೆಷನ್ಸ್ ಕೋರ್ಟಿಗೆ ಹಾಕಿದೆವು.

ಆಗ ತಿಳಿದುಬಂದದ್ದು ಇನ್ನೊಂದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಎಂಬುದೊಂದಿದೆ, ವಕೀಲರ ಬಾಯಲ್ಲಿ ಪ್ರೊಬೇಷನ್ ಆಕ್ಟ್. ಎರಡು ವರ್ಷಕ್ಕೆ ಮೀರದ ಶಿಕ್ಷೆಯ ಅಪರಾಧ, ಹಿಂದೆ ಶಿಕ್ಷೆಯಾಗಿಲ್ಲ ಎಂದಾದರೆ 3ನೇ ಕಲಮಿನಲ್ಲಿ ಕೋರ್ಟು ಎಚ್ಚರಿಕೆ ಹೇಳಿ ಬಿಡಬಹುದು. ಹಾಗೆ ಬಿಟ್ಟರೆ 12ನೇ ಕಲಮಿನ ಪ್ರಕಾರ ಆ ದೋಷನಿರ್ಣಯದಿಂದ ಬರುವ ಅನರ್ಹತೆ ಅಂಟುವುದಿಲ್ಲ. ಏಳು ಜನರಲ್ಲಿ ಒಬ್ಬಳು ಸರ್ಕಾರಿ ಕೆಲಸಕ್ಕೆ ಪರೀಕ್ಷೆ ಬರೆಯುತ್ತಿದ್ದಾಳೆ. ಅವಳಿಗೆ ಇದು 1,700 ರೂಪಾಯಿಗಿಂತ ದೊಡ್ಡ ವಿಷಯ. ತೀರ್ಪಿನ ದಿನ ನಮ್ಮ ಕಡೆಯಿಂದ ಈ ಕಾಯ್ದೆಯ ಹೆಸರನ್ನೇ ಎತ್ತಿರಲಿಲ್ಲ. ಮೇಲ್ಮನವಿಯ ಕೋರ್ಟು ಕೂಡ ಈ ಅಧಿಕಾರ ಚಲಾಯಿಸಬಹುದು, ಹಾಗಾಗಿ ಈಗ ಕೇಳಿಕೊಂಡಿದ್ದೇವೆ. ರಸ್ತೆಯಲ್ಲಿ ಕೂತವರ ಕೇಸು ನಿಮ್ಮೂರಿನಲ್ಲಿ ಇದ್ದರೆ ದಯವಿಟ್ಟು ಇದನ್ನು ತೀರ್ಪಿಗೆ ಮುಂಚೆಯೇ ವಕೀಲರ ಹತ್ತಿರ ಕೇಳಿ.

ಲಂಡನ್ನಿನ ಒಂದು ಚಿತ್ರ

ಜನವರಿ ಕೊನೆಯಲ್ಲಿ ಮಲ್ಲಿಗೆಯ ಅಕ್ಕನ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಎದುರಿನ ರಸ್ತೆಯಲ್ಲಿ ನೂರಾರು ಜನ ಸುಮ್ಮನೆ ಕೂತಿದ್ದರು. ಒಳಗೆ ಜನವರಿ 29 ಮತ್ತು 30ರಂದು ಹದಿನಾರು ಹವಾಮಾನ ಹೋರಾಟಗಾರರ ಮೇಲ್ಮನವಿ ವಿಚಾರಣೆ. ಹದಿನಾರು ಜನರಿಗೂ ಸೇರಿ ಬಿದ್ದಿದ್ದ ಶಿಕ್ಷೆ 41 ವರ್ಷ. 2022ರ ನವೆಂಬರಿನಲ್ಲಿ ಎಂ25 ಎಂಬ ವರ್ತುಲ ಹೆದ್ದಾರಿಯ ಮೇಲಿನ ಕಮಾನುಗಳನ್ನು ಹತ್ತಿ ಸಂಚಾರ ನಿಲ್ಲಿಸಲು ಯೋಜನೆ ಹಾಕಿದ್ದಕ್ಕೆ ಒಬ್ಬರಿಗೆ 5 ವರ್ಷ, ನಾಲ್ವರಿಗೆ ತಲಾ 4 ವರ್ಷ ಆಗಿತ್ತು. ಅದರಲ್ಲಿ ಸಾಕ್ಷ್ಯವಾದದ್ದು ಒಂದು ಝೂಮ್ ಸಭೆಯ ರೆಕಾರ್ಡಿಂಗ್.

ಆ ಹದಿನಾರು ಜನರಲ್ಲಿ ಬ್ರಿಸ್ಟಲಿನ ಒಬ್ಬ ನಿವೃತ್ತ ಶಿಕ್ಷಕಿ, ಎಪ್ಪತ್ತು ದಾಟಿ ಎಂಬತ್ತರ ಹತ್ತಿರದವರು. ಅವರನ್ನು ಮನೆಯಲ್ಲೇ ನಿಗಾದಲ್ಲಿಡುವ ಷರತ್ತಿನಲ್ಲಿ ಬಿಟ್ಟಿದ್ದರು. ಕಾಲಿಗೆ ಎಲೆಕ್ಟ್ರಾನಿಕ್ ಟ್ಯಾಗ್ ಹಾಕಲು ಆರೋಗ್ಯದ ಕಾರಣಕ್ಕೆ ಆಗದು, ಮಣಿಕಟ್ಟಿಗೆ ಹಾಕೋಣವೆಂದರೆ ಅಷ್ಟು ಸಣ್ಣ ಅಳತೆಯ ಟ್ಯಾಗ್ ಸಿಗಲಿಲ್ಲ. 2024ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ಸಿಗೆ ಕೆಲವೇ ದಿನವಿರುವಾಗ, ಅವರನ್ನು ಮತ್ತೆ ಜೈಲಿಗೆ ಕರೆದೊಯ್ದರು. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಅವರು ಏನೂ ಹೇಳದೆ ತಮ್ಮ ಬಲಗೈಯ ಬೆರಳಿನಿಂದ ಎಡಗೈಯ ಮಣಿಕಟ್ಟನ್ನು ಸುತ್ತಿ ಹಿಡಿದು ನೋಡಿಕೊಂಡರು.

ಎಂ25ರ ಕೆಲಸ ನನಗೆ ಪೂರ್ತಿ ಒಪ್ಪಿಗೆಯಲ್ಲ. ಏಳು ಲಕ್ಷಕ್ಕೂ ಹೆಚ್ಚು ವಾಹನಗಳಿಗೆ ತೊಂದರೆಯಾಯಿತು, ಕ್ಯಾನ್ಸರ್ ರೋಗಿಯೊಬ್ಬರಿಗೆ ವೈದ್ಯರ ಭೇಟಿ ತಪ್ಪಿತು ಎಂದು ಶಿಕ್ಷೆ ಕೊಡುವಾಗ ನ್ಯಾಯಾಧೀಶರೇ ಹೇಳಿದ್ದಾರೆ. ಅದನ್ನು ಹಗುರ ಮಾಡಲಾರೆ. ಆದರೆ ಹೊರಗೆ ಕೂತ ನೂರಾರು ಜನರೂ ಆ ಕೆಲಸವನ್ನು ಪೂರ್ತಿ ಒಪ್ಪಿಯೇ ಕೂತಿರಬೇಕೆಂದಿಲ್ಲ ಎಂದು ನನಗನ್ನಿಸಿತು. ಮಾಡಿದ ಕೆಲಸ ಬೇರೆ, ಅದಕ್ಕೆ ಕೊಟ್ಟ ಶಿಕ್ಷೆಯ ತೂಕ ಬೇರೆ, ಅದನ್ನು ಮಾಡಿದ ಮನುಷ್ಯ ಬೇರೆ. ಈ ಮೂರನ್ನು ಕಲಸದೆ, ಮೂರನೆಯದರ ಜೊತೆ ಕೂರಬಹುದು. ನಮ್ಮ ಭಾನುವಾರದ ಬೀಜ ಇದು. (ಆ ಮೇಲ್ಮನವಿಯ ತೀರ್ಪು ಮಾರ್ಚ್ 7ಕ್ಕೆ ಬಂತು. ಆರು ಜನರ ಶಿಕ್ಷೆ ಇಳಿಯಿತು, ಐದು ವರ್ಷದ್ದು ನಾಲ್ಕಾಯಿತು. ಹತ್ತು ಜನರದ್ದು ಹಾಗೇ ಉಳಿಯಿತು.)

ಇನ್ನೊಂದು ಚಿತ್ರವೂ ನಮ್ಮ ಮುಂದಿತ್ತು, ಕಾಂಬೋಡಿಯಾದ್ದು. 2024ರ ಜುಲೈ 2ರಂದು ಮದರ್ ನೇಚರ್ ಎಂಬ ಪರಿಸರ ಗುಂಪಿನ ಹತ್ತು ಯುವಜನರಿಗೆ ಆರರಿಂದ ಎಂಟು ವರ್ಷ ಸಜೆಯಾಯಿತು. ಕೆಲವರು ಶೋಕದ ಬಿಳಿ ಬಟ್ಟೆಯಲ್ಲಿ, ಬೆಂಬಲಿಗರ ಜೊತೆ, ಫ್ನೋಮ್ ಪೆನ್ ಕೋರ್ಟಿನ ಹೊರಗೇ ಕೂತು ತೀರ್ಪು ಕೇಳಿದರು. ಪೊಲೀಸರು ಅಲ್ಲಿಂದಲೇ ಅವರನ್ನು ಎಳೆದೊಯ್ದರು. ಅದನ್ನು ನೋಡಿದ ಮೇಲೆ 1,700 ರೂಪಾಯಿ ದಂಡದ ನಮ್ಮ ಕೇಸನ್ನು ದೊಡ್ಡದು ಮಾಡಿ ಹೇಳಲು ನಾಲಿಗೆ ಏಳುವುದಿಲ್ಲ. ಹೋಲಿಕೆ ಮಾಡುತ್ತಿಲ್ಲ. ಕೂರುವ ಧೈರ್ಯ ಎಲ್ಲಿಂದ ಬಂತೆಂದು ಹೇಳುತ್ತಿದ್ದೇನೆ.

ಬೋರ್ಡಿನಲ್ಲಿ ಏನು ಬರೆಯುವುದು

ಮೂರು ಸಭೆ ಆಯಿತು, ಮೂರೂ ಅಕ್ಕನ ಜಗಲಿಯಲ್ಲಿ. ಹೆಚ್ಚು ಹೊತ್ತು ಹೋದದ್ದು ಬೋರ್ಡಿಗೆ.

ಮೊದಲು ಬಂದ ಸಾಲು "ಅನ್ಯಾಯದ ತೀರ್ಪಿಗೆ ಧಿಕ್ಕಾರ". ನಮ್ಮ ಹೊಸ ವಕೀಲೆ ಅದನ್ನು ಕೇಳಿದ ಕೂಡಲೇ ಬೇಡವೆಂದರು. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ, ಪೂರ್ತಿ ಇತ್ಯರ್ಥವಾದ ಪ್ರಕರಣದ ಗುಣದೋಷವನ್ನು ನ್ಯಾಯವಾಗಿ ಟೀಕಿಸಿದರೆ ನಿಂದನೆಯಲ್ಲ ಎಂದಿದೆ. ನಮ್ಮದು ಇತ್ಯರ್ಥವಾಗಿಲ್ಲ, ಮೇಲ್ಮನವಿ ಹಾಕಿದ್ದೇವೆ. ಒಳಗೆ ಕೇಳಿಕೊಂಡು ಹೊರಗೆ ಬೊಬ್ಬೆ ಹಾಕಿದರೆ ಎರಡೂ ಕೆಡುತ್ತದೆ ಎಂದರು.

ಆಗ ಕಾಲೇಜಿನ ಹುಡುಗನೊಬ್ಬ ಲಂಡನ್ನಿನದೇ ಇನ್ನೊಂದು ಕಥೆ ಎತ್ತಿದ. 2023ರಲ್ಲಿ ನಿವೃತ್ತ ಸಮಾಜ ಕಾರ್ಯಕರ್ತೆಯೊಬ್ಬರು ಕೋರ್ಟಿನ ಹೊರಗೆ ಫಲಕ ಹಿಡಿದು ನಿಂತಿದ್ದರು: ಜ್ಯೂರಿಗಳು ತಮ್ಮ ಆತ್ಮಸಾಕ್ಷಿಯಂತೆ ಆರೋಪಿಯನ್ನು ಬಿಡುಗಡೆ ಮಾಡಬಹುದು ಎಂದು. ಸರ್ಕಾರದ ಕಡೆಯವರು ಅವರ ಮೇಲೆ ನಿಂದನೆಯ ಕೇಸಿಗೆ ಹೊರಟರು, 2024ರ ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ಮುಂದುವರಿಸಲು ಬಿಡಲಿಲ್ಲ. ಹಾಗಾದರೆ ನಾವೂ ಕೋರ್ಟಿನ ಗೇಟಿನ ಎದುರು ಯಾಕೆ ನಿಲ್ಲಬಾರದು ಎಂದು ಅವನ ಪ್ರಶ್ನೆ.

ಇದಕ್ಕೆ ವಕೀಲೆ ಕೊಟ್ಟ ಉತ್ತರವೇ ಇಡೀ ಕಾರ್ಯಕ್ರಮದ ರೂಪವನ್ನು ತೀರ್ಮಾನಿಸಿತು. ಅಲ್ಲಿ ತೀರ್ಪು ಹೇಳುವುದು ಬೀದಿಯಿಂದಲೇ ಬಂದ ಹನ್ನೆರಡು ಜನ ಜ್ಯೂರಿಗಳು, ಆ ಫಲಕ ಅವರ ಹಕ್ಕನ್ನು ಅವರಿಗೆ ನೆನಪಿಸುತ್ತಿತ್ತು. ನಮ್ಮಲ್ಲಿ ಜ್ಯೂರಿ ಇಲ್ಲ. ಕೋರ್ಟಿನ ಎದುರು ಹಿಡಿದ ಬೋರ್ಡು ಒಬ್ಬರೇ ನ್ಯಾಯಾಧೀಶರ ಕಡೆಗೆ ಮುಖ ಮಾಡಿರುತ್ತದೆ, ಅದು ಒತ್ತಡ. ನಾವು ಮಾತಾಡಬೇಕಾದದ್ದು ಊರಿನ ಹತ್ತಿರ. ಅಪರಾಧಿ ಎಂಬ ಪದ ಕೇಳಿ ಮುಖ ತಿರುಗಿಸುವವರ ಹತ್ತಿರ. ಹಾಗಾಗಿ ಕೋರ್ಟಿನ ಎದುರು ಬೇಡ, ಕೋರ್ಟಿಗೆ ರಜೆಯಿರುವ ಭಾನುವಾರವೇ ಆಗಲಿ, ಜಾಗ ಅಜ್ಜರಕಾಡು. ಉಡುಪಿಯಲ್ಲಿ ಧರಣಿ ಎಂದರೆ ಜನರ ಕಣ್ಣಿಗೆ ಬರುವ ಜಾಗವೇ ಅದು. 1934ರ ಫೆಬ್ರವರಿಯಲ್ಲಿ ಗಾಂಧೀಜಿ ಬಂದು ಮಾತಾಡಿದ ಮೈದಾನ ಕೂಡ ಅಲ್ಲೇ.

"ಅಪರಾಧಿ" ಎಂಬ ಪದದ ನಾಚಿಕೆ ಅಷ್ಟು ಸುಲಭಕ್ಕೆ ಹೋಗುವುದಲ್ಲ. ಏಳರಲ್ಲಿ ಒಬ್ಬರು ತಮ್ಮ ಹೆಸರು ಬರೆಯುವುದೇ ಬೇಡವೆಂದರು, ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ಆಗ ಮಂಗಳೂರಿನಲ್ಲಿ ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಒಬ್ಬರು ಕೇಳಿದರು: "ಹಂಪನಕಟ್ಟೆಯಿಂದ ಹೊರಟು ಕೆ.ಎಸ್. ರಾವ್ ರೋಡಿನಲ್ಲಿ ಎಷ್ಟು ಸಲ ನಡೆದಿದ್ದೀರಿ? ಕಾರ್ನಾಡು ಸದಾಶಿವ ರಾವ್ ಜೈಲಿಗೆ ಹೋದವರಲ್ವಾ? ಕಮಲಾದೇವಿ ಚಟ್ಟೋಪಾಧ್ಯಾಯ ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು, ಉಪ್ಪಿಗಾಗಿ ಜೈಲಿಗೆ ಹೋದರು." ಸಭೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ನಾನು ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹದ ಮಾತು ಹೇಳಿದೆ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ರೈತರು ಹಗಲು ಬೆಳಕಿನಲ್ಲೇ ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟಿದ್ದರು. ಅವರು ಮುಖ ಮುಚ್ಚಿಕೊಂಡಿರಲಿಲ್ಲ. ಹೆಸರು ಬೇಡವೆಂದವರು ಮರುದಿನ ಫೋನ್ ಮಾಡಿ ಬರೆಯಿರಿ ಎಂದರು. ಅದಕ್ಕೆ ಕಾರಣ ನಮ್ಮ ಮಾತಲ್ಲ, ಅವರ ಮಗಳು.

ಕೊನೆಗೆ ಬರೆದದ್ದು ಮೂರೇ ಸಾಲು. "ನಮ್ಮ ಬಾವಿಗಾಗಿ, ನಮ್ಮ ಮಕ್ಕಳ ದಾರಿಗಾಗಿ ಕೂತವರು ಇವರು. ಏಳು ವರ್ಷ, ನಲವತ್ತಮೂರು ತಾರೀಕು. ನಾವು ಇವರ ಜೊತೆ ಇದ್ದೇವೆ." ಕೆಳಗೆ ಹೆಸರುಗಳು.

ಹೆಸರು ಎಷ್ಟು ಎಂಬಲ್ಲಿ ಜಗಳವೇ ಆಯಿತು. ಏಳು ಎಂದರು ಹೆಚ್ಚಿನವರು. ತೀರಿಕೊಂಡವರ ಹೆಸರು ಸೇರಲಿ ಎಂಬುದಕ್ಕೆ ಯಾರೂ ಎದುರಾಡಲಿಲ್ಲ. ಗಲ್ಫಿನ ಹುಡುಗನ ಹೆಸರು ಬಂದಾಗ ಧ್ವನಿ ಏರಿತು. ತಪ್ಪೊಪ್ಪಿಕೊಂಡವನಿಗೆ ಈ ಸಾಲಿನಲ್ಲಿ ಏನು ಕೆಲಸ? ಅಕ್ಕ ಹೂ ಕಟ್ಟುತ್ತಿದ್ದವರು ಕೈ ನಿಲ್ಲಿಸಿ ಹೇಳಿದರು, "ಆ ಸಂಜೆ ರಸ್ತೆಯಲ್ಲಿ ನನ್ನ ಪಕ್ಕ ಕೂತದ್ದು ಅವನೇ. ಅವನು ಸುಳ್ಳು ಹೇಳಲಿಲ್ಲ, ಕೂತದ್ದು ಹೌದು ಅಂದ. ನಾವೂ ಕೂತದ್ದು ಹೌದು ಅಂತಲೇ ಹೇಳಿದ್ದಲ್ವಾ? ಅವನ ಹೆಸರು ಇಲ್ಲದಿದ್ದರೆ ನನ್ನದೂ ಬೇಡ." ಬೋರ್ಡಿಗೆ ಒಂಬತ್ತು ಹೆಸರು ಬಂತು. ಇಡೀ ಪ್ರಕರಣದಲ್ಲಿ ಒಂದು ನಿರ್ಧಾರ ಸರಿಯಾಯಿತು ಎಂದು ಎದೆ ತಟ್ಟಿ ಹೇಳಬಲ್ಲೆನಾದರೆ ಅದು ಇದು. ಕೇಸು ಊರನ್ನು ಒಡೆಯುವುದು ದಂಡದಿಂದಲ್ಲ, ಯಾರು ಬಗ್ಗಿದರು ಯಾರು ಬಗ್ಗಲಿಲ್ಲ ಎಂಬ ಲೆಕ್ಕದಿಂದ.

ಅನುಮತಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಠಾಣೆಗೆ ಹತ್ತು ದಿನ ಮೊದಲೇ ಅರ್ಜಿ ಕೊಟ್ಟೆವು: ಜಾಗ, ಹೊತ್ತು, ಸುಮಾರು ಎಷ್ಟು ಜನ, ಜವಾಬ್ದಾರಿ ಹೊರುವ ಇಬ್ಬರ ಹೆಸರು. ಸಂವಿಧಾನದ 19ನೇ ವಿಧಿ ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಜಾಗದ ಸಭೆಯನ್ನು ಸರ್ಕಾರ ನಿಯಂತ್ರಿಸಬಹುದು, ಪೂರ್ತಿ ಮುಚ್ಚಿಹಾಕುವಂತಿಲ್ಲ ಎಂದು ಹಿಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 70ರ ದಶಕದಲ್ಲೇ ಹೇಳಿದೆ. ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಹಿಡಿದು ಕೂರುವಂತಿಲ್ಲ ಎಂದು 2020ರ ಅಕ್ಟೋಬರಿನಲ್ಲಿ ಶಾಹೀನ್ ಬಾಗ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಎರಡನ್ನೂ ಅರ್ಜಿಯಲ್ಲಿ ಬರೆದು, ರಸ್ತೆಗೆ ಕಾಲಿಡುವುದಿಲ್ಲ ಎಂದೆವು. ಶನಿವಾರ ಸಂಜೆ ಅನುಮತಿ ಬಂತು.

ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾದೀತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ದಿನ ಪೊಲೀಸ್ ಗುಂಡಿಗೆ ಇಬ್ಬರು ಸತ್ತಿದ್ದರು. ಅಂದಿನಿಂದ ನಮ್ಮ ಜಿಲ್ಲೆಗಳಲ್ಲಿ ಧರಣಿಗೆ ಹೊರಟ ಮಗನನ್ನು ತಾಯಂದಿರು ಬಾಗಿಲಲ್ಲಿ ನಿಲ್ಲಿಸಿ ಎರಡು ಮಾತು ಕೇಳುತ್ತಾರೆ. ಆ ಕಾರಣಕ್ಕೇ ಮೌನ, ಆ ಕಾರಣಕ್ಕೇ ಎರಡು ಗಂಟೆ, ಆ ಕಾರಣಕ್ಕೇ ಯಾವ ಬಾವುಟವೂ ಬೇಡ ಎಂದೆವು.

ಆ ಭಾನುವಾರ

ಅಕ್ಕ ಹೂವಿನ ಬುಟ್ಟಿ ಸಮೇತ ಬಂದರು. ಭಾನುವಾರವಾದರೂ ಹೂವಿಗೆ ರಜೆ ಇಲ್ಲವಲ್ಲ. ಚಾಪೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಮೊಗ್ಗು ಸುರುವಿ, ಕಾಲ ಹೆಬ್ಬೆರಳಿಗೆ ಬಾಳೆನಾರು ಸುತ್ತಿಕೊಂಡು ಕಟ್ಟಲು ಶುರುಮಾಡಿದರು. ಮೌನದಲ್ಲಿ ಕೂತವರಿಗೆ ಕೈ ಎಲ್ಲಿಡಬೇಕೆಂದು ತಿಳಿಯದೆ ಚಡಪಡಿಕೆ ಇತ್ತು. ಅರ್ಧ ಗಂಟೆಯಲ್ಲಿ ಎಲ್ಲರ ಕಣ್ಣೂ ಅವರ ಬೆರಳಿಗೆ ಹೋಯಿತು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ನಾರಿನ ಒಂದು ಸುತ್ತು, ಒಂದು ಜಗ್ಗು. ದಾರಿಯಲ್ಲಿ ಹೋಗುವವರು ನಿಂತದ್ದೂ ಅದನ್ನು ನೋಡಿಯೇ, ಆಮೇಲೆ ಬೋರ್ಡು ಓದಿದರು.

ಒಂಬತ್ತೂಕಾಲರ ಹೊತ್ತಿಗೆ ರಸ್ತೆಯ ಆಚೆ ಮರದ ನೆರಳಿನಲ್ಲಿ ಒಬ್ಬ ಹೆಂಗಸು ನಿಂತಿರುವುದು ಕಂಡಿತು. ಗಲ್ಫಿನ ಹುಡುಗನ ತಾಯಿ. ಕರೆದವರು ನಾವಲ್ಲ, ಯಾರೋ ಬೋರ್ಡಿನ ಫೋಟೋ ಕಳಿಸಿದ್ದರು. ಬಹಳ ಹೊತ್ತು ಅಲ್ಲೇ ನಿಂತಿದ್ದರು. ಆಮೇಲೆ ರಸ್ತೆ ದಾಟಿ ಬಂದು ಚಾಪೆಯ ತುದಿಯಲ್ಲಿ, ಚಾಪೆಯ ಹೊರಗೇ ಕೂತರು. ಅಕ್ಕ ತಲೆ ಎತ್ತಲಿಲ್ಲ. ಮೊಗ್ಗಿನ ಗುಡ್ಡೆಯನ್ನು ಕೈಯಿಂದ ಎರಡು ಪಾಲು ಮಾಡಿ, ಒಂದು ಪಾಲನ್ನು ಬಟ್ಟೆ ಸಮೇತ ಅವರ ಕಡೆ ಸರಿಸಿ, ಒಂದು ಎಳೆ ನಾರು ಕೊಟ್ಟರು. ಹತ್ತಕ್ಕೆ ಹುಡುಗನೊಬ್ಬ ಸ್ಕೂಟರಿನಲ್ಲಿ ಬಂದು ಹೂ ಒಯ್ದ. ಅದರಲ್ಲಿ ಯಾರು ಕಟ್ಟಿದ್ದು ಎಷ್ಟು ಎಂದು ಬೇರೆ ಮಾಡಲು ಬರುತ್ತಿರಲಿಲ್ಲ.

ತಪ್ಪಿದ್ದು

ನಮ್ಮ ದೊಡ್ಡ ತಪ್ಪು ಕರಪತ್ರ ಮಾಡದೇ ಇದ್ದದ್ದು. ಮೌನ ನಮಗೆ ಅರ್ಥವಾಗಿತ್ತು, ನೋಡಿದವರಿಗೆ ಆಗಿರಲಿಲ್ಲ. "ಯಾರು ತೀರಿಹೋದದ್ದು?" ಎಂದು ಇಬ್ಬರು ಕೇಳಿದರು. ಯಾರೋ ವಿಡಿಯೋ ಮಾಡಿ "ಕೋರ್ಟ್ ವಿರುದ್ಧ ಧರಣಿ" ಎಂದು ಬರೆದು ಹಾಕಿದ್ದು ಮಧ್ಯಾಹ್ನದೊಳಗೆ ವಾಟ್ಸಾಪಿನ ಎಲ್ಲ ಗುಂಪುಗಳಲ್ಲಿ ಓಡಿತು. ವಕೀಲೆಯ ಫೋನು ಬಂತು. ಸಂಜೆ ಕೂತು ಅರ್ಧ ಪುಟದ ಸ್ಪಷ್ಟೀಕರಣ ಬರೆದೆ, ಆದರೆ ವಿಡಿಯೋದ ಓಟ ಕಾಗದಕ್ಕೆ ಎಲ್ಲಿಂದ ಬರಬೇಕು? ಒಂದು ಪುಟದ ಕರಪತ್ರವನ್ನು ಇಬ್ಬರು ಯುವಕರ ಕೈಯಲ್ಲಿ ಕೊಟ್ಟು ನಿಲ್ಲಿಸಿದ್ದರೆ ಇದು ಆಗುತ್ತಿರಲಿಲ್ಲ. ಒಂದು ಪಕ್ಷದವರು ಶಾಲು ಹಾಕಿಕೊಂಡು ಬಂದು ನಡುವೆ ಕೂತು ಫೋಟೋ ತೆಗೆಸಿಕೊಳ್ಳಲು ನೋಡಿದಾಗಲೂ ಅಷ್ಟೆ. ಯಾರು ಅವರ ಹತ್ತಿರ ಮಾತಾಡಬೇಕೆಂದು ಮೊದಲೇ ಗೊತ್ತು ಮಾಡಿರಲಿಲ್ಲ. ಕೊನೆಗೆ ನಿವೃತ್ತ ಬ್ಯಾಂಕಿನವರು ಎದ್ದು ಹೋಗಿ ಕೈಮುಗಿದರು, ಅವರು ಶಾಲು ತೆಗೆದು ಹತ್ತು ನಿಮಿಷ ಕೂತು ಹೋದರು.

ಇನ್ನೊಂದು ತಪ್ಪು ಹಳೆಯದು. ದೂರು ಕೊಟ್ಟ ಟಿಪ್ಪರ್ ಚಾಲಕ ಉತ್ತರ ಕರ್ನಾಟಕದಿಂದ ದುಡಿಯಲು ಬಂದವನು. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ. ಆ ಸಂಜೆ ಅವನ ಎರಡು ಟ್ರಿಪ್ ಹೋಯಿತು. ಏಳು ವರ್ಷದಲ್ಲಿ ಅವನೂ ಸಾಕ್ಷಿ ಹೇಳಲು ಊರಿನಿಂದ ಬಸ್ಸು ಹತ್ತಿ ಬಂದಿದ್ದಾನೆ, ಕೋರ್ಟಿನ ಅದೇ ಬೆಂಚಿನಲ್ಲಿ ಕೂತಿದ್ದಾನೆ. ನಾವು ಯಾರೂ ಅವನನ್ನು ಮಾತಾಡಿಸಲಿಲ್ಲ, ಒಂದು ಚಹಾ ಕುಡಿಯೋಣ ಬಾ ಎನ್ನಲಿಲ್ಲ. 341ನೇ ಕಲಮು ದೂರುದಾರ ಒಪ್ಪಿದರೆ ರಾಜಿಯಾಗುವಂಥದ್ದು ಎಂದು ತಿಳಿದದ್ದು ತೀರ್ಪಾದ ಮೇಲೆ. ರಾಜಿಯ ಮಾತು ಬಿಡಿ. ತಡೆದು ನಿಲ್ಲಿಸಿದ ಮನುಷ್ಯನಿಗೆ ಯಾಕೆ ತಡೆದೆವು ಎಂದು ಹೇಳುವ ಸಾಲ ನಮ್ಮ ಮೇಲೆ ಇತ್ತು, ಅದು ಇನ್ನೂ ತೀರಿಲ್ಲ.

ಆಗಿ ಬಂದದ್ದು ಏನೆಂದು ಕೇಳುತ್ತಾರೆ. ಕೋರೆ ನಡೆಯುತ್ತಿದೆ. ಕರಾವಳಿಯವರಿಗೆ ಇದು ಹೊಸತಲ್ಲ. ನಂದಿಕೂರಿನ ಉಷ್ಣ ವಿದ್ಯುತ್ ಯೋಜನೆಯಿಂದ ಅಮೆರಿಕದ ಕಂಪನಿ 1999ರಲ್ಲಿ ಹಿಂದೆ ಸರಿದಾಗ ಗೆದ್ದೆವು ಅಂದುಕೊಂಡವರೇ 2010ರಲ್ಲಿ ಎಲ್ಲೂರಿನಲ್ಲಿ ಬೇರೆ ಕಂಪನಿಯ ಸ್ಥಾವರದ ಚಿಮಣಿ ಹೊಗೆ ಉಗುಳುವುದನ್ನು ನೋಡಿದರು. ಅಜ್ಜರಕಾಡಿನ ಎರಡು ಗಂಟೆ ಕೋರ್ಟಿನ ಒಂದು ಹಾಳೆಯನ್ನೂ ಬದಲಿಸಲಿಲ್ಲ, ಬದಲಿಸಲೆಂದು ಕೂತದ್ದೂ ಅಲ್ಲ. ಬದಲಾದದ್ದು ತಾರೀಕಿನ ದಿನ. ಮೊದಲು ಏಳು ಜನ ಒಬ್ಬೊಬ್ಬರಾಗಿ, ಮುಖ ತಪ್ಪಿಸಿಕೊಂಡು ಹೋಗಿ ಬರುತ್ತಿದ್ದರು. ಮೇಲ್ಮನವಿ ಶುರುವಾದ ಮೇಲೆ ಪ್ರತಿ ತಾರೀಕಿಗೂ ಆಪಾದಿತರಲ್ಲದ ನಾಲ್ಕೈದು ಜನ ಜೊತೆಗೆ ಹೋಗುತ್ತೇವೆ. ಒಳಗೆ ಹೋಗಿ ಸಾಲು ಮಾಡಿ ನಿಲ್ಲುವುದಿಲ್ಲ. ಹೊರಗೆ ಕಟ್ಟೆಯಲ್ಲಿ ಕೂರುತ್ತೇವೆ, ಊಟದ ಡಬ್ಬಿ ಹಂಚಿಕೊಳ್ಳುತ್ತೇವೆ, ಪರೀಕ್ಷೆ ಬರೆಯುವ ಹುಡುಗಿಗೆ ಓದಿಕೊಳ್ಳಲು ಮೂಲೆ ಬಿಡುತ್ತೇವೆ.

ನಮ್ಮ ರೂಟಿನಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ಶಕ್ತಿ ಯೋಜನೆಯ ಉಚಿತ ಟಿಕೆಟ್ ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಟಿಕೆಟಿನ ದುಡ್ಡಿಗೆ ಒಂದು ಡಬ್ಬಿ ಇಟ್ಟಿದ್ದೇವೆ. ಕಳೆದ ತಾರೀಕಿಗೆ ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಆ ಡಬ್ಬಿ ತೆಗೆದು ಹನ್ನೊಂದು ಟಿಕೆಟ್ ಎಂದವರು ಗಲ್ಫಿನ ಹುಡುಗನ ತಾಯಿ. ಅವರ ಮಗನದ್ದು ಈ ಮೇಲ್ಮನವಿಯಲ್ಲಿ ಹೆಸರೇ ಇಲ್ಲ.